ಜೇಬಿಗೊಂದು ಚಾಕು: ಮೊದಲ ಸಲ ಕೊಳ್ಳುವವರಿಗೆ ಬಹಿರಂಗ ಪತ್ರ

ಮೊದಲ ಜೇಬುಚಾಕು ಕೊಳ್ಳಲು ಹೊರಟಿರುವ ಎಲ್ಲ ಕಿರಿಯ ಮಿತ್ರರಿಗೆ,



ಜೇಬುಚಾಕು ಎಂದರೆ ಅಲಗು ಹಿಡಿಯೊಳಗೆ ಮಡಚಿಕೊಳ್ಳುವ, ಒರೆಯ ಹಂಗಿಲ್ಲದೆ ಜೇಬಿನಲ್ಲೋ ಕೈಚೀಲದಲ್ಲೋ ಇರಬಲ್ಲ ಸಣ್ಣ ಚಾಕು. ಅಲಗು, ಹಿಡಿ, ಅವೆರಡನ್ನೂ ಕೂಡಿಸುವ ಮೊಳೆ, ತೆರೆದ ಅಲಗನ್ನು ಹಾಗೆಯೇ ನಿಲ್ಲಿಸುವ ಸ್ಪ್ರಿಂಗು ಅಥವಾ ಲಾಕು, ಇಷ್ಟೇ ಅದರ ಅಂಗಾಂಗ. ಇಷ್ಟು ಸರಳವಾದ ವಸ್ತುವನ್ನು ಕೊಳ್ಳುವಾಗಲೂ ಜನ ಎಡವುತ್ತಾರೆ. ಏಕೆಂದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡದು, ಕಪ್ಪನೆಯದು, ಹಲ್ಲುಹಲ್ಲಾಗಿರುವುದು. ಅಂಥದ್ದು ಒಂದು ವಾರ ಜೇಬಿನಲ್ಲಿರುತ್ತದೆ, ಆಮೇಲೆ ಭಾರವೆನಿಸಿ ಮೇಜಿನ ಖಾನೆ ಸೇರುತ್ತದೆ. ದಿನವೂ ಜೊತೆಗಿರಬೇಕಾದ ಚಾಕು ಹಗುರವಾಗಿರಬೇಕು, ಸುಲಭವಾಗಿ ಸಾಣೆಗೆ ಬಗ್ಗಬೇಕು, ನೋಡಿದವರು ಬೆಚ್ಚದಂತಿರಬೇಕು. ಈ ಪತ್ರದ ವಾದ ಇದೇ. ಮುಂದಿನದೆಲ್ಲ ಅದರ ವಿವರ.

ಮೊದಲು ಕೆಲಸ. ದಿನಬಳಕೆಯ ಕೆಲಸಗಳ ಪಟ್ಟಿಯಲ್ಲಿ ರೋಚಕವಾದದ್ದೇನೂ ಇರುವುದಿಲ್ಲ. ಕೊರಿಯರ್ ಡಬ್ಬದ ಟೇಪು ಸೀಳುವುದು, ಅಕ್ಕಿಮೂಟೆಯ ಹೊಲಿಗೆ ಬಿಚ್ಚುವುದು, ಸೆಣಬಿನ ಹುರಿ ತುಂಡರಿಸುವುದು, ಹನಿ ನೀರಾವರಿಯ ಸಣ್ಣ ಪೈಪು ಕೊಯ್ಯುವುದು, ಪೆನ್ಸಿಲ್ ಹೆರೆಯುವುದು, ಸೀಬೆಹಣ್ಣು ಹೋಳು ಮಾಡುವುದು, ಹೊಸ ಅಂಗಿಯ ಚೀಟಿ ಕೀಳುವುದು. ಇವುಗಳಲ್ಲಿ ಯಾವುದಕ್ಕೂ 8 ಸೆಂ.ಮೀ.ಗಿಂತ ಉದ್ದದ ಅಲಗು ಬೇಕಾಗದು. ಹೆಚ್ಚಿನವಕ್ಕೆ ಐದಾರು ಸೆಂ.ಮೀ. ಸಾಕು. ಎಳನೀರು ಕೆತ್ತಲು, ಕೊಂಬೆ ಸವರಲು ಕತ್ತಿ ಇದೆ. ಆ ಕೆಲಸವನ್ನು ಮಡಚುವ ಚಾಕುವಿನಿಂದ ಮಾಡಿಸಲು ಹೋದರೆ ಮೊಳೆ ಸಡಿಲಾಗುತ್ತದೆ, ಇಲ್ಲವೇ ಬೆರಳಿಗೆ ಗಾಯವಾಗುತ್ತದೆ. ಕಸಿ ಕಟ್ಟುವವರ ಚಾಕು ಬೇರೆಯೇ ಜಾತಿ: ಅದರ ಅಲಗನ್ನು ಒಂದೇ ಮಗ್ಗುಲಿಗೆ ಇಳಿಜಾರಾಗಿ ಹರಿತ ಮಾಡಿರುತ್ತಾರೆ, ಗಾಯ ಸಮತಟ್ಟಾಗಿ ಬಿದ್ದರೆ ಮಾತ್ರ ಕಸಿ ಕೂಡುತ್ತದೆ ಎಂಬ ಕಾರಣಕ್ಕೆ. ಅದನ್ನು ಟೇಪು ಸೀಳಲು ಬಳಸುವುದೂ, ಜೇಬುಚಾಕುವಿನಿಂದ ಮಾವಿನ ಕಸಿ ಕಟ್ಟುವುದೂ ಎರಡೂ ತಪ್ಪೇ.

ಆತ್ಮರಕ್ಷಣೆ ಈ ಪಟ್ಟಿಯಲ್ಲಿಲ್ಲ, ಇರಲೂ ಬಾರದು. ಗಾಬರಿಯಲ್ಲಿ ತೆರೆದ ಸಣ್ಣ ಚಾಕು ಮೊದಲು ಕೊಯ್ಯುವುದು ಸಾಮಾನ್ಯವಾಗಿ ಹಿಡಿದವರ ಬೆರಳನ್ನೇ. ಅದೂ ಅಲ್ಲದೆ, ಮನೆಗೆಲಸದ ಉಪಕರಣವೆಂದು ಇಟ್ಟುಕೊಂಡದ್ದಕ್ಕೂ ಜಗಳಕ್ಕೆಂದು ಇಟ್ಟುಕೊಂಡದ್ದಕ್ಕೂ ಕಾನೂನಿನ ಕಣ್ಣಿನಲ್ಲಿ ಅಜಗಜಾಂತರ. ಆ ಉದ್ದೇಶದಿಂದ ಚಾಕು ಹುಡುಕುತ್ತಿರುವವರು ಈ ಪತ್ರವನ್ನು ಇಲ್ಲಿಗೇ ಮಡಚಿಟ್ಟು, ಚಾಕು ಕೊಳ್ಳುವ ಯೋಚನೆಯನ್ನೂ ಬಿಡಬೇಕೆಂದು ಕಳಕಳಿಯ ಕೋರಿಕೆ.

ಕೆಲಸ ನೋಡಿ ಚಾಕು ರೂಪಿಸಿದ್ದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಸ್ವಿಸ್ ಸೈನ್ಯದ್ದು. 1890ರ ಸುಮಾರಿಗೆ ಆ ಸೈನ್ಯಕ್ಕೆ ಹೊಸ ರೈಫಲ್ ಬಂದಿತ್ತು. ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯಲ್ಲಿ ಬರುವ ಆಹಾರ ತೆರೆಯಲು ಇನ್ನೊಂದು ಸಾಧನ ಬೇಕಿತ್ತು. ಹಾಗಾಗಿ ಸೈನಿಕರ ಚಾಕುವಿಗೆ ಒಂದು ಅಲಗು, ಒಂದು ದಬ್ಬಣ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್ ಇಷ್ಟನ್ನೇ ಗೊತ್ತುಮಾಡಿದರು. ಮೊದಲ ಕಂತು ಜರ್ಮನಿಯ ಸೋಲಿಂಗೆನ್‌ನಲ್ಲಿ ತಯಾರಾಯಿತು. 1891ರಿಂದ ಇಬಾಖ್ ಎಂಬ ಊರಿನ ಕಾರ್ಲ್ ಎಲ್ಸೆನರ್ ಪೂರೈಸತೊಡಗಿದರು. ಇಂದಿನ ವಿಕ್ಟೋರಿನಾಕ್ಸ್ ಅವರ ಕಾರ್ಖಾನೆಯೇ. 1897ರಲ್ಲಿ ಅವರು ನೋಂದಾಯಿಸಿದ ಹಗುರವಾದ ಅಧಿಕಾರಿಗಳ ಚಾಕುವಿಗೆ ಎರಡನೆಯ ಅಲಗೂ ಬಾಟಲಿಯ ಬಿರಡೆ ಕೀಳುವ ತಿರುಪೂ ಸೇರಿದವು. ಸೈನ್ಯ ಅದನ್ನು ಹಂಚಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡರು. ಜಗತ್ತಿಗೆಲ್ಲ ಪರಿಚಿತವಾದದ್ದು ಆ ಚಾಕು.

ಈ ಕಂಪನಿಯ ಚಾಕುಗಳನ್ನು ಮಡಚಿದಾಗಿನ ಉದ್ದದಿಂದ ಗುರುತಿಸುವುದು ರೂಢಿ: 58, 84, 91, 93, 111 ಮಿ.ಮೀ. 58ರದ್ದು ಬೀಗದ ಕೈಗೊಂಚಲಿಗೆ ಸಿಕ್ಕಿಸುವಷ್ಟು ಚಿಕ್ಕದು. ಒಂದು ಸಣ್ಣ ಅಲಗು, ಕತ್ತರಿ, ಉಗುರಿನ ಅರ, ಮುಳ್ಳು ಕೀಳುವ ಚಿಮುಟ, ಹಲ್ಲುಕಡ್ಡಿ ಎಲ್ಲ ಸೇರಿ ಇಪ್ಪತ್ತು ಗ್ರಾಂ ಆಸುಪಾಸು. ಪಟ್ಟಣದ ಕಚೇರಿಗೆ ಹೋಗಿಬರುವವರಿಗೆ ಅದೇ ಧಾರಾಳ. 91 ಮಿ.ಮೀ.ಯದು ಎಲ್ಲಕ್ಕಿಂತ ಹದವಾದ ಅಳತೆ. ಅದರ ಅಲಗು ಸುಮಾರು 7 ಸೆಂ.ಮೀ. ಅಲ್ಲಿಯೂ ಒಂದು ಆಯ್ಕೆ ಉಳಿಯುತ್ತದೆ. ಸ್ಪಾರ್ಟನ್ ಎಂಬ ಮಾದರಿಯ ಬೆನ್ನಿನಲ್ಲಿ ಬಿರಡೆ ತಿರುಪು, ಟಿಂಕರ್ ಎಂಬುದರಲ್ಲಿ ಅದೇ ಜಾಗಕ್ಕೆ ನಕ್ಷತ್ರದ ಮೊನೆಯ ಸ್ಕ್ರೂಡ್ರೈವರ್. ನಮ್ಮ ಮನೆಗಳಲ್ಲಿ ಸ್ವಿಚ್‌ಬೋರ್ಡು, ಮಿಕ್ಸಿಯ ತಳ, ಮಕ್ಕಳ ಆಟಿಕೆಯ ಬ್ಯಾಟರಿ ಮುಚ್ಚಳ ಎಲ್ಲಕ್ಕೂ ಆ ನಕ್ಷತ್ರದ ಮೊನೆಯೇ ಬೇಕು. ತಿರುಪಿನಿಂದ ಬಿಗಿದ ಗಂಟು ಬಿಚ್ಚಬಹುದು, ಕನ್ನಡಕದ ಸಣ್ಣ ಸ್ಕ್ರೂಡ್ರೈವರನ್ನು ಅದರ ಸುರುಳಿಯೊಳಗೆ ತೂರಿಸಿಡಬಹುದು ಎಂಬ ಸಮಾಧಾನವುಂಟು. ಆದರೂ ಟಿಂಕರೇ ಮೇಲು.

ಇಕ್ಕುಳವೂ ಬೇಕೆನ್ನುವವರಿಗೆ ಅಮೆರಿಕದ ಟಿಮ್ ಲೆದರ್‌ಮನ್ 1983ರಲ್ಲಿ ಮಾರುಕಟ್ಟೆಗೆ ತಂದ ಬಹೂಪಯೋಗಿ ಉಪಕರಣದ ಮಾದರಿಗಳಿವೆ. ಎಲೆಕ್ಟ್ರಿಷಿಯನ್ನರಿಗೆ, ದೂರದ ಬೈಕ್ ಸವಾರರಿಗೆ ಅವು ನಿಜವಾಗಿಯೂ ಒದಗುತ್ತವೆ. ಉಳಿದವರ ಸೊಂಟಕ್ಕೆ ಕಾಲು ಕಿಲೋ ಹತ್ತಿರದ ಭಾರ ಮಾತ್ರ.

ಅಲಗಿನ ಆಕಾರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿದು, ಹೊಟ್ಟೆ ಸ್ವಲ್ಪ ಉಬ್ಬಿರುವ ಆಕಾರ ಎಲ್ಲ ಕೆಲಸಕ್ಕೂ ಆಗುತ್ತದೆ. ಅಂಚು ನೆಟ್ಟಗಿದ್ದು, ಬೆನ್ನೇ ಬಾಗಿ ಮೊನೆ ಮೊಂಡಾಗಿರುವುದು ಡಬ್ಬ ಬಿಚ್ಚುವವರಿಗೆ ಒಳ್ಳೆಯದು, ಒಳಗಿನ ಸಾಮಾನಿಗೆ ಚುಚ್ಚುವುದಿಲ್ಲ. ಗರಗಸದ ಹಲ್ಲಿನ ಅಂಚು ನೈಲಾನ್ ಹಗ್ಗವನ್ನು ಸಲೀಸಾಗಿ ಕೊಯ್ಯುತ್ತದೆ, ಆದರೆ ಮೊಂಡಾದ ಮೇಲೆ ಮನೆಯ ಸಾಣೆಕಲ್ಲಿನಲ್ಲಿ ಅದನ್ನು ಸರಿಮಾಡಲಾಗದು. ಅರ್ಧ ಹಲ್ಲು, ಅರ್ಧ ನುಣುಪು ಇರುವ ಅಲಗು ಎರಡೂ ಕೆಲಸವನ್ನು ಅರ್ಧರ್ಧ ಮಾಡುತ್ತದೆ. ದಪ್ಪದ ಮಾತು ಮಾತ್ರ ಮುಖ್ಯ: ಬೆನ್ನಿನಲ್ಲಿ ಎರಡು, ಎರಡೂವರೆ ಮಿ.ಮೀ. ಇರುವ ಅಲಗು ಸೇಬಿನೊಳಗೆ ಜಾರಿಹೋಗುತ್ತದೆ, ನಾಲ್ಕು ಮಿ.ಮೀ.ಯದು ಎಷ್ಟೇ ಹರಿತವಾಗಿದ್ದರೂ ಹಣ್ಣನ್ನು ಕೊಯ್ಯುವ ಬದಲು ಸೀಳುತ್ತದೆ.

ಲಾಕಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಹಳೆಯ ಬಗೆಯ ಚಾಕುವಿನಲ್ಲಿ ಲಾಕೇ ಇಲ್ಲ. ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಜೋರಾಗಿ ತಳ್ಳಿದರೆ ಅಲಗು ಮಡಚಿಕೊಳ್ಳುತ್ತದೆ. ಸ್ವಿಸ್ ಚಾಕುಗಳಲ್ಲಿ ಹೆಚ್ಚಿನವು ಹೀಗೆಯೇ. ಕೊಯ್ಯುವ ಕೆಲಸದಲ್ಲಿ ಒತ್ತಡ ಅಂಚಿನ ಕಡೆಯಿಂದ ಬೀಳುವುದರಿಂದ ಅಲಗು ಇನ್ನಷ್ಟು ತೆರೆದುಕೊಳ್ಳಲು ನೋಡುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಅಪಾಯ ಬರುವುದು ಮೊನೆಯಿಂದ ಚುಚ್ಚಿ ತೂತು ಕೊರೆಯುವಾಗ, ಸಿಕ್ಕಿಬಿದ್ದ ಅಲಗನ್ನು ಅಲ್ಲಾಡಿಸಿ ಹೊರಗೆಳೆಯುವಾಗ. ಅಂಥ ಕೆಲಸ ಹೆಚ್ಚಾಗಿದ್ದವರಿಗೆ ಲಾಕು ಬೇಕು.

ಲಾಕುಗಳಲ್ಲಿ ತೀರ ಸರಳವಾದದ್ದು ಫ್ರಾನ್ಸಿನ ಸವಾಯ್ ಸೀಮೆಯ ಓಪಿನೆಲ್ ಚಾಕುವಿನದು. ಝೋಸೆಫ್ ಓಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಈ ಮರದ ಹಿಡಿಯ ಚಾಕುವಿಗೆ 1955ರಲ್ಲಿ ಒಂದು ತಿರುಗುವ ಉಕ್ಕಿನ ಬಳೆ ಸೇರಿತು. ಬಳೆಯನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿದರೆ ಅದರ ಸೀಳು ಮರೆಯಾಗಿ ಅಲಗು ಅಲುಗದೆ ನಿಲ್ಲುತ್ತದೆ. ಹಿಡಿಯ ಒಳಗಿರುವ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುವುದು ಇನ್ನೊಂದು ಬಗೆ. ಇಂದು ಅಗ್ಗದ ಚಾಕುಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ. ಅದನ್ನು ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಹಿಡಿಯ ಬೆನ್ನನ್ನು ಒತ್ತಿ ಬಿಡಿಸುವ ಲಾಕು ಹೆಚ್ಚು ಗಟ್ಟಿ. ಅಮೆರಿಕದ ಬಕ್ ಕಂಪನಿಯ 110 ಎಂಬ ಮಾದರಿ 1960ರ ದಶಕದಲ್ಲಿ ಅದನ್ನು ಮನೆಮಾತಾಗಿಸಿತು. ಆದರೆ ಆ ಚಾಕು ಜೇಬಿಗೆ ವಿಪರೀತ ಭಾರ. ಗುಂಡಿ ಒತ್ತಿದೊಡನೆ ಚಟ್ಟೆಂದು ಹಾರಿಬರುವ ಚಾಕುವನ್ನು ಯಾವ ಕಾರಣಕ್ಕೂ ಕೊಳ್ಳಬಾರದು, ಕಾರಣ ಕಾನೂನಿನಲ್ಲಿದೆ.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ತಯಾರಾದವನ್ನು ಹೊರಗಿಟ್ಟಿವೆ. ಜೇಬುಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೆಹಲಿಯಲ್ಲಿ ಪ್ರತ್ಯೇಕ ಅಧಿಸೂಚನೆಯೊಂದಿದೆ: ಸ್ಪ್ರಿಂಗು, ಗುಂಡಿ ಅಥವಾ ಬೇರೆ ಯಾಂತ್ರಿಕ ಸಾಧನದಿಂದ ತೆರೆಯುವ, 7.62 ಸೆಂ.ಮೀ. ಅಥವಾ ಹೆಚ್ಚು ಉದ್ದದ, 1.72 ಸೆಂ.ಮೀ. ಅಥವಾ ಹೆಚ್ಚು ಅಗಲದ ಚಾಕುಗಳು ಅದರ ವ್ಯಾಪ್ತಿಗೆ ಬರುತ್ತವೆ. 7.62 ಸೆಂ.ಮೀ. ಎಂದರೆ ಸರಿಯಾಗಿ ಮೂರು ಅಂಗುಲ. ಇಂಗ್ಲೆಂಡಿನ 1988ರ ಕಾಯ್ದೆಯೂ ಅದೇ ಮೂರು ಅಂಗುಲಕ್ಕೆ ಗೆರೆ ಎಳೆದಿದೆ. ಅಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದಾದದ್ದು ಮೂರು ಅಂಗುಲ ಮೀರದ, ಲಾಕು ಇಲ್ಲದ ಮಡಚುವ ಚಾಕು ಮಾತ್ರ. 8.5 ಸೆಂ.ಮೀ. ಅಲಗಿನ, ಬಳೆಯ ಲಾಕಿನ ಓಪಿನೆಲ್ 8ನೇ ನಂಬರು ಎರಡೂ ಲೆಕ್ಕದಲ್ಲಿ ಅಲ್ಲಿ ತಪ್ಪಾಗುತ್ತದೆ. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಲಾಕಾಗುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಓದಿಗೋ ಕೆಲಸಕ್ಕೋ ಅಲ್ಲಿಗೆ ಹೊರಟ ಕನ್ನಡಿಗರು ಊರಿನಲ್ಲಿ ರೂಢಿಯಾದ ಚಾಕುವನ್ನು ಪೆಟ್ಟಿಗೆಗೆ ಹಾಕುವ ಮುನ್ನ ಇದನ್ನು ನೆನೆಯಬೇಕು. ಮೂರು ಅಂಗುಲದೊಳಗಿನ, ಲಾಕಿಲ್ಲದ, ಎರಡು ಕೈಯಿಂದ ತೆರೆಯುವ ಚಾಕು ಕೊಂಡವರಿಗೆ ಇವುಗಳಲ್ಲಿ ಯಾವ ನಿಯಮವೂ ತೊಡಕಾಗದು.

ನಮ್ಮ ದೇಶದಲ್ಲಿ ವಿಮಾನದ ಕೈಚೀಲದಲ್ಲಿ ಯಾವ ಅಳತೆಯ ಚಾಕುವೂ ಸಲ್ಲದು, ಚೆಕ್-ಇನ್ ಸಾಮಾನಿನಲ್ಲಿ ಹೋಗಬೇಕು. ಬೀಗದ ಕೈಗೊಂಚಲಿನಲ್ಲಿ ತೂಗುವ 58 ಮಿ.ಮೀ.ಯದು ತಪಾಸಣೆಯ ಮೇಜಿನ ಬುಟ್ಟಿ ಸೇರುವುದು ಅದು ಅಲ್ಲಿದೆ ಎಂಬುದೇ ಮರೆತುಹೋಗಿರುವುದರಿಂದ. ಮೆಟ್ರೋ, ನ್ಯಾಯಾಲಯ, ಪರೀಕ್ಷಾ ಕೊಠಡಿಗಳಿಗೆ ಹೊರಡುವ ದಿನ ಚಾಕು ಮನೆಯಲ್ಲಿರಲಿ. ತಪಾಸಣೆಯವರೊಡನೆ ವಾದಕ್ಕಿಳಿಯುವುದರಲ್ಲಿ ಅರ್ಥವಿಲ್ಲ. ಅವರ ಮುಂದೆ ದಿನಕ್ಕೆ ಹಾದುಹೋಗುವ ಸಾವಿರಾರು ಚೀಲಗಳಲ್ಲಿ ಯಾವುದು ಪೆನ್ಸಿಲ್ ಹೆರೆಯುವ ಚಾಕು, ಯಾವುದಲ್ಲ ಎಂದು ಅವರು ಊಹಿಸುತ್ತ ಕೂರಲಾರರು.

ಉಕ್ಕಿನಲ್ಲಿ ದೊಡ್ಡ ವಿಭಾಗ ಎರಡೇ: ತುಕ್ಕು ಹಿಡಿಯುವ ಕಾರ್ಬನ್ ಉಕ್ಕು, ಬೇಗ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ತೆಳುಪೊರೆ ಕಟ್ಟಿ ಉಕ್ಕನ್ನು ಕಾಯುತ್ತದೆ. ಕಾರ್ಬನ್ ಉಕ್ಕಿಗೆ ಆ ಪೊರೆಯಿಲ್ಲ. ಬದಲಿಗೆ ಅದು ಸಾಣೆಗೆ ಬೇಗ ಬಗ್ಗುತ್ತದೆ, ಅಂಚು ತೆಳ್ಳಗೆ ನಿಲ್ಲುತ್ತದೆ. ಅದರ ಸ್ವಭಾವ ತಿಳಿಯಲು ಒಂದು ನಿಂಬೆಹಣ್ಣು ಸಾಕು. ಹೊಳೆಯುವ ಹೊಸ ಅಲಗಿನಿಂದ ನಿಂಬೆ ಹೆಚ್ಚಿ ಒರೆಸದೆ ಇಟ್ಟರೆ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ರಸ ತಾಗಿದಲ್ಲೆಲ್ಲ ಬೂದುನೀಲಿ ಕಲೆಗಳು ಹರಡಿರುತ್ತವೆ. ನಿಂಬೆಯ ಕೊಯ್ದ ಮುಖದಲ್ಲೂ ಕಬ್ಬಿಣದ ವಾಸನೆ. ಹಸಿ ಅಡಿಕೆ ಕೊಯ್ದರೆ ಕಲೆ ಕಡುಗಪ್ಪು, ಅಡಿಕೆಯ ಚೊಗರು ಕಬ್ಬಿಣದೊಡನೆ ಸೇರಿದಾಗ ಆಗುವುದು ಅದು. ಈ ಪತ್ರ ಬರೆದವರು ಇಂಥ ಕಲೆಗಳಿಗೆ ಹೆದರಿ ಮರಳುಕಾಗದದಿಂದ ಅಲಗನ್ನು ತಿಕ್ಕಿ ಬೆಳ್ಳಗೆ ಮಾಡುವವರನ್ನು ಕಂಡಿದ್ದಾರೆ. ಬೇಕಾಗಿಲ್ಲ. ಬೂದು, ಕಪ್ಪು ಕಲೆ ಅಲಗಿಗೆ ಒಂದಿಷ್ಟು ಕಾಪೇ ಆಗುತ್ತದೆ. ತಿಕ್ಕಿ ತೆಗೆಯಬೇಕಾದದ್ದು ಕೆಂಪು ತುಕ್ಕನ್ನು.

ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಜೂನ್-ಜುಲೈ ತಿಂಗಳ ಥಂಡಿ, ಬೆವರು ತುಂಬಿದ ಪ್ಯಾಂಟಿನ ಜೇಬು ಮೂರೂ ಕಾರ್ಬನ್ ಉಕ್ಕಿಗೆ ವೈರಿಗಳು. ಅಲ್ಲಿರುವವರು, ಮರೆಗುಳಿಗಳು, ಮೊದಲ ಸಲ ಕೊಳ್ಳುವವರು ಸ್ಟೇನ್‌ಲೆಸ್ ಅನ್ನೇ ಆರಿಸಿಕೊಳ್ಳುವುದು ಕ್ಷೇಮ. ಬಳ್ಳಾರಿ, ಕಲಬುರಗಿಯ ಒಣ ಹವೆಯಲ್ಲಿ ಚಾಕುವನ್ನು ಒರೆಸಿಡುವ ಶಿಸ್ತಿರುವವರಿಗೆ ಕಾರ್ಬನ್ ಉಕ್ಕು ಕೊಡುವ ಖುಷಿ ಬೇರೆ.

ಉಕ್ಕಿನ ಗಡಸನ್ನು ರಾಕ್‌ವೆಲ್ ಎಂಬ ಅಳತೆಯಿಂದ ಹೇಳುತ್ತಾರೆ. ಸ್ವಿಸ್ ಚಾಕುಗಳದು 56ರ ಆಸುಪಾಸು. ದುಬಾರಿ ಚಾಕುಗಳದು 60 ದಾಟುತ್ತದೆ. ಅಂಗಡಿಯವರು ದೊಡ್ಡ ಸಂಖ್ಯೆಯನ್ನೇ ಹೊಗಳುತ್ತಾರೆ. ಗಡಸು ಹೆಚ್ಚಿದಷ್ಟೂ ಹರಿತ ಹೆಚ್ಚು ದಿನ ಉಳಿಯುವುದು ನಿಜ, ಆದರೆ ಮೊಂಡಾದ ದಿನ ಮನೆಯ ಸಾಮಾನ್ಯ ಕಲ್ಲು ಅದರ ಮುಂದೆ ಸೋಲುತ್ತದೆ, ಅಂಚು ಚಕ್ಕೆ ಏಳುವ ಸಂಭವವೂ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಐದು ನಿಮಿಷದಲ್ಲಿ ಹರಿತವಾಗುವ ಮೆದು ಉಕ್ಕು, ವರ್ಷಕ್ಕೊಮ್ಮೆಯೂ ಸಾಣೆ ಕಾಣದ ಗಡಸು ಉಕ್ಕಿಗಿಂತ ಉಪಯೋಗಿ.

ಹಿಡಿಯ ಬಗ್ಗೆ ಎರಡೇ ಮಾತು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಿಡಿಗಳು ಯಾವ ಹವೆಗೂ ಜಗ್ಗುವುದಿಲ್ಲ. ಮರದ ಹಿಡಿ ಕೈಗೆ ಹಿತ, ಆದರೆ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಮುರಿದರೂ ಬಾರದ ಅಲಗನ್ನು ಹೊರತರಲು ಸವಾಯ್ ಸೀಮೆಯವರು ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟುತ್ತಾರೆ, ಅಲಗು ತಾನೇ ತಲೆಯೆತ್ತುತ್ತದೆ.

ಅಂಗಡಿಯಲ್ಲಿ ಚಾಕುವನ್ನು ಕೈಗೆ ತೆಗೆದುಕೊಂಡು ನೋಡದೆ ಹಣ ಕೊಡಬಾರದು. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದಾಗ ಅಲಗು ಎರಡು ಪಕ್ಕಗಳ ನಡುವೆ ಇರಬೇಕು, ಯಾವುದಕ್ಕೂ ಉಜ್ಜಬಾರದು. ತೆರೆದ ಮೇಲೆ ಮೊನೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಮೊಳೆಯ ಹತ್ತಿರ ಸಡಿಲು ಗೊತ್ತಾಗುತ್ತದೆ. ಉಗುರು ಸಿಕ್ಕಿಸುವ ಗೀರು ತುಂಬ ಆಳವಿಲ್ಲದಿದ್ದರೆ ಒದ್ದೆ ಕೈಯಲ್ಲಿ ತೆರೆಯುವುದು ಯಾತನೆ. ಎಡಗೈಯವರು ಆ ಗೀರು ತಮ್ಮ ಕೈಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬೇಕು, ಬಹುತೇಕ ಚಾಕುಗಳನ್ನು ಬಲಗೈಗೆಂದೇ ಮಾಡಿರುತ್ತಾರೆ. ರಸ್ತೆಬದಿಯಲ್ಲಿ ಹೆಸರಾಂತ ಗುರುತು ಹೊತ್ತು ಕಾಲುಭಾಗದ ಬೆಲೆಗೆ ಸಿಗುವ ಕೆಂಪು ಚಾಕು ನಕಲಿ; ತೆರೆಯುವಾಗಲೂ ಮುಚ್ಚುವಾಗಲೂ ಅದರ ಸ್ಪ್ರಿಂಗಿನಲ್ಲಿ ಜೀವವಿರುವುದಿಲ್ಲ.

ಚಾಕುವಿನ ಜೊತೆಗೇ ಒಂದು ಸಾಣೆಕಲ್ಲು ಕೊಳ್ಳಬೇಕೆಂಬುದು ಈ ಪತ್ರದ ಮುಖ್ಯ ಕೋರಿಕೆ. ಮೊಂಡು ಚಾಕುವೇ ಹೆಚ್ಚು ಅಪಾಯಕಾರಿ, ಅದಕ್ಕೆ ಹಾಕುವ ಬಲ ಜಾಸ್ತಿ, ಜಾರಿದಾಗ ಆ ಬಲವೆಲ್ಲ ಬೆರಳಿನ ಮೇಲೆ. 1000 ನಂಬರಿನ ಒಂದು ಕಲ್ಲು ಸಾಕು. ಅಲಗನ್ನು ಕಲ್ಲಿನ ಮೇಲೆ ಲಂಬವಾಗಿ ನಿಲ್ಲಿಸಿ ಅರ್ಧ ಬಾಗಿಸಿದರೆ 45 ಡಿಗ್ರಿ, ಅದರಲ್ಲೂ ಅರ್ಧ ಬಾಗಿಸಿದರೆ 22ರ ಹತ್ತಿರ. ಅದಕ್ಕಿಂತ ಒಂದಿಷ್ಟು ತಗ್ಗಿಸಿದರೆ ಜೇಬುಚಾಕುವಿಗೆ ಹೇಳಿ ಮಾಡಿಸಿದ ಕೋನ. ಒಂದು ಮಗ್ಗುಲನ್ನು ಉಜ್ಜುತ್ತ ಹೋದಾಗ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಮಡಚಿಕೊಂಡು ಬೆರಳಿಗೆ ಒರಟಾಗಿ ತಾಗುತ್ತದೆ. ಅದು ಬುಡದಿಂದ ಮೊನೆಯವರೆಗೂ ಬಂದ ಮೇಲೆ ಮಗ್ಗುಲು ಬದಲಿಸಬೇಕು, ಕೊನೆಗೆ ಹಗುರವಾಗಿ ಎರಡೂ ಕಡೆ ಎಳೆದು ಅದನ್ನು ತೆಗೆಯಬೇಕು. ಕಲ್ಲಿಲ್ಲದ ಊರಿನಲ್ಲಿ ಪಿಂಗಾಣಿ ಕಪ್ಪಿನ ತಳದ ಹೊಳಪಿಲ್ಲದ ಉಂಗುರವೂ ತಾತ್ಕಾಲಿಕವಾಗಿ ಒದಗುತ್ತದೆ. ಹರಿತವನ್ನು ದಿನಪತ್ರಿಕೆಯ ಹಾಳೆಯ ಮೇಲೆ ಪರೀಕ್ಷಿಸಬೇಕು, ಹೆಬ್ಬೆರಳಿನ ಮೇಲಲ್ಲ. ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆ ಹಿಡಿಯುವವರು ಕತ್ತಿಗೂ ಈಳಿಗೆಗೂ ಸರಿ. ತೆಳು ಅಲಗಿಗೆ ಆ ಕಿಡಿ ಹಾರುವ ಬಿಸಿ ಒಗ್ಗದು. ಅಂಚು ನೀಲಿಗೆ ತಿರುಗಿದರೆ ಅಲ್ಲಿಯ ಹದ ಹೋಯಿತೆಂದೇ ಲೆಕ್ಕ.

ಹಣ್ಣು ಕೊಯ್ದ ಮೇಲೆ ಅಲಗನ್ನು ತೊಳೆದು, ಒರೆಸಿ, ಮಡಚದೆ ಸ್ವಲ್ಪ ಹೊತ್ತು ಬಿಡಬೇಕು. ಮೊಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ತಿನ್ನುವ ವಸ್ತು ಮುಟ್ಟುವ ಅಲಗಿಗೆ ಕೊಬ್ಬರಿ ಎಣ್ಣೆ ಸವರಿದ ಬಟ್ಟೆ. ಶೇಂಗಾ ಎಣ್ಣೆ ಬೇಡ, ಕೆಲವು ವಾರಗಳಲ್ಲಿ ಅಂಟಾಗಿ ಧೂಳು ಕಟ್ಟುತ್ತದೆ. ಸಂಧಿಯಲ್ಲಿ ಸೇರಿದ ಜೇಬಿನ ನೂಲು, ಮಣ್ಣನ್ನು ಹಲ್ಲುಕಡ್ಡಿಯಿಂದ ತೆಗೆಯಬಹುದು.

ಕೊಯ್ಯುವಾಗ ಅಲಗಿನ ಮುಂದೆ ಇನ್ನೊಂದು ಕೈಯಾಗಲಿ ತೊಡೆಯಾಗಲಿ ಇರಬಾರದು. ಮುಚ್ಚುವಾಗ ಎರಡೂ ಕೈ ಬಳಸಿ, ಅಂಗೈಯಿಂದ ಬೆನ್ನನ್ನು ಒತ್ತಬೇಕು. ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಹಿರಿಯರು ಕೆಳಗಿಟ್ಟು ತೆಗೆದುಕೊಳ್ಳಲು ಹೇಳುತ್ತಾರೆ. ಜಗಳದ ಮಾತು ಹೇಗಾದರೂ ಇರಲಿ, ತೆರೆದ ಚಾಕುವಿನ ಮಟ್ಟಿಗೆ ಅದು ಪಾಲಿಸತಕ್ಕ ಪದ್ಧತಿ. ಮಕ್ಕಳಿಗೆ ಮೊದಲ ಚಾಕು ಕೊಡುವ ತಂದೆತಾಯಿಯರು ಮೊಂಡು ಮೊನೆಯ, ಲಾಕುಳ್ಳ ಸಣ್ಣ ಅಲಗನ್ನು ಆರಿಸಿ, ಮೊದಮೊದಲು ಜೊತೆಯಲ್ಲೇ ಕೂತು ಪೆನ್ಸಿಲ್ ಹೆರೆಸಲಿ, ಶಾಲೆಯ ಚೀಲಕ್ಕೆ ಮಾತ್ರ ಅದು ಸೇರದಂತೆ ನೋಡಿಕೊಳ್ಳಲಿ.

ಇತಿ,

ತಮ್ಮ ವಿಶ್ವಾಸಿ,
ಬಹುಕಾಲದಿಂದ ಜೇಬುಚಾಕು ಬಳಸುತ್ತಿರುವ ಒಬ್ಬ ಕನ್ನಡಿಗ